20 ವರ್ಷ ಮಾತ್ರೆ ತಿಂದರೆ ಏನಾಗುತ್ತದೆಂದು ಯಾರಿಗೆ ಗೊತ್ತು?

ಪ್ರಶ್ನೆ: ನಮ್ಮ ತಂದೆಗೆ 66 ವರ್ಷ. ಸುಮಾರು ಹತ್ತು ವರ್ಷದಿಂದ ರಾತ್ರಿ ಊಟವಾದ ಮೇಲೆ ಕೊಲೆಸ್ಟರಾಲ್ ಮಾತ್ರೆ (ಸ್ಟ್ಯಾಟಿನ್) ತೆಗೆದುಕೊಳ್ಳುತ್ತಿದ್ದಾರೆ. ಮೊನ್ನೆ ವಾಟ್ಸಾಪ್‌ನಲ್ಲಿ ಒಂದೇ ದಿನ ಎರಡು ಸುದ್ದಿ ಬಂದವು. ಈ ಮಾತ್ರೆಯನ್ನು ಬಹಳ ವರ್ಷ ತಿಂದವರಿಗೆ ಕ್ಯಾನ್ಸರ್ ಕಡಿಮೆ ಅಂತ ಒಂದು, ಬಹಳ ವರ್ಷ ತಿಂದರೆ ಅಪಾಯ ಅಂತ ಇನ್ನೊಂದು. ಎರಡಕ್ಕೂ ಲಕ್ಷಾಂತರ ಜನರ ಅಧ್ಯಯನ ಆಧಾರವಂತೆ. 20 ವರ್ಷ ತಿಂದರೆ ಏನಾಗುತ್ತದೆ ಎಂದು ನಿಜಕ್ಕೂ ಯಾರಿಗಾದರೂ ಗೊತ್ತೆ? ಗೊತ್ತಿದ್ದರೆ ಹೇಗೆ ಗೊತ್ತಾಯಿತು?
— ಓದುಗರೊಬ್ಬರು, ಹಾಸನ

ಉತ್ತರ: ಒಂದು ಗುಂಪಿಗೆ 20 ವರ್ಷ ಮಾತ್ರೆ ಕೊಟ್ಟು, ಇನ್ನೊಂದು ಗುಂಪಿಗೆ 20 ವರ್ಷ ಕೊಡದೆ ನೋಡಿದ ಪ್ರಯೋಗ ಇದೆಯೇ ಎಂದು ಕೇಳಿದರೆ, ಇಲ್ಲ. ಅದಕ್ಕೆ ಹತ್ತಿರ ಬರುವಂಥದ್ದು ಒಂದಿದೆ. ಸ್ಕಾಟ್ಲೆಂಡಿನ ಪಶ್ಚಿಮ ಭಾಗದಲ್ಲಿ 45ರಿಂದ 64 ವಯಸ್ಸಿನ 6,595 ಗಂಡಸರನ್ನು ಆರಿಸಿದರು. ಎಲ್ಲರಿಗೂ ಕೊಲೆಸ್ಟರಾಲ್ ಹೆಚ್ಚಿತ್ತು, ಯಾರಿಗೂ ಅದುವರೆಗೆ ಹೃದಯಾಘಾತ ಆಗಿರಲಿಲ್ಲ. ಚೀಟಿ ಎತ್ತಿದ ಹಾಗೆ ಅವರನ್ನು ಎರಡು ಗುಂಪು ಮಾಡಿ ಒಂದಕ್ಕೆ ಪ್ರವಾಸ್ಟ್ಯಾಟಿನ್, ಇನ್ನೊಂದಕ್ಕೆ ನೋಡಲು ಹಾಗೇ ಇರುವ ಹುಸಿ ಮಾತ್ರೆ ಕೊಟ್ಟರು. ಸುಮಾರು 5 ವರ್ಷದ ಈ ಪ್ರಯೋಗದ ಫಲಿತಾಂಶ 1995ರಲ್ಲಿ ಪ್ರಕಟವಾಯಿತು. ಮಾತ್ರೆಯ ಗುಂಪಿನಲ್ಲಿ ಹೃದಯಾಘಾತ ಮತ್ತು ಹೃದ್ರೋಗದ ಸಾವು ಸುಮಾರು ಮೂರನೇ ಒಂದರಷ್ಟು ತಗ್ಗಿತ್ತು. ಸಂಶೋಧಕರು ಅಲ್ಲಿಗೇ ಬಿಡದೆ ಅದೇ ಜನರ ಆಸ್ಪತ್ರೆ ದಾಖಲೆ, ಮರಣ ದಾಖಲೆಗಳನ್ನು 20 ವರ್ಷದವರೆಗೂ ಬೆನ್ನುಹತ್ತಿದರು. ಮೊದಲು ಮಾತ್ರೆ ಸಿಕ್ಕವರಲ್ಲಿ ಹೃದ್ರೋಗದ ಸಾವು ಆಗಲೂ ಕಡಿಮೆಯೇ ಇತ್ತು. ಕ್ಯಾನ್ಸರ್ ವಿಷಯದಲ್ಲಿ ವ್ಯತ್ಯಾಸ ಕಾಣಲಿಲ್ಲ.

ಹಾಗಾದರೆ ಉತ್ತರ ಸಿಕ್ಕಿತಲ್ಲ ಎನ್ನಬೇಡಿ. ಪ್ರಯೋಗ ಮುಗಿದ ಮೇಲೆ ಎಲ್ಲರೂ ಅವರವರ ವೈದ್ಯರ ಬಳಿಗೆ ಮರಳಿದರು. ಅದಾಗಿ ಐದು ವರ್ಷ ಕಳೆಯುವ ಹೊತ್ತಿಗೆ ಎರಡೂ ಗುಂಪುಗಳಲ್ಲಿ ಮೂರನೇ ಒಂದಕ್ಕಿಂತ ತುಸು ಹೆಚ್ಚು ಜನ ಸ್ಟ್ಯಾಟಿನ್ ತೆಗೆದುಕೊಳ್ಳುತ್ತಿದ್ದರು. ಅಂದರೆ ಆ 20 ವರ್ಷದ ಲೆಕ್ಕ ಹೇಳುವುದು, ಮೊದಲ 5 ವರ್ಷ ಮಾತ್ರೆ ಸಿಕ್ಕವರಿಗೂ ಸಿಗದವರಿಗೂ ಮುಂದೆ ಏನಾಯಿತು ಎಂಬುದನ್ನು ಮಾತ್ರ. ನೀವು ಕೇಳಿದ್ದು 20 ವರ್ಷ ಬಿಡದೆ ತಿಂದವರಿಗೂ 20 ವರ್ಷ ಮುಟ್ಟದವರಿಗೂ ಏನು ವ್ಯತ್ಯಾಸ ಎಂದು. ಎರಡೂ ಒಂದೇ ಥರ ಕೇಳಿಸುತ್ತವೆ, ಆದರೆ ಪ್ರಶ್ನೆಗಳು ಬೇರೆ. ಸುದ್ದಿಗಳ ಅರ್ಧ ಗೊಂದಲ ಹುಟ್ಟುವುದೇ ಇವೆರಡನ್ನು ಕಲಸಿಬಿಡುವುದರಿಂದ.

20 ವರ್ಷದ ಪ್ರಯೋಗ ಯಾಕೆ ಮಾಡುವುದಿಲ್ಲ? ದುಡ್ಡು ಒಂದು ಕಾರಣ. ಜನ ಊರು ಬಿಡುತ್ತಾರೆ, ಬೇಸರ ಬಂದು ಮಾತ್ರೆ ಬಿಡುತ್ತಾರೆ. ಮಧ್ಯದಲ್ಲಿ ಇನ್ನೂ ಒಳ್ಳೆಯ ಔಷಧಿ ಬಂದರೆ ಹುಸಿ ಮಾತ್ರೆಯವರಿಗೆ ಅದನ್ನು ಕೊಡದೆ ಕೂರುವುದು ತಪ್ಪಾಗುತ್ತದೆ. ಹಾಗಾಗಿ ದೀರ್ಘಕಾಲದ ಚಿಕಿತ್ಸೆಗಳ ಬಗ್ಗೆ ನಮಗಿರುವ ತಿಳಿವಳಿಕೆಯ ದೊಡ್ಡ ಪಾಲು ಬರುವುದು ದಾಖಲೆಗಳಿಂದ: ಯಾರು ಯಾವಾಗ ಏನು ತೆಗೆದುಕೊಂಡರು, ಆಮೇಲೆ ಏನಾಯಿತು. ಇದನ್ನು ಬಿಡಿಸಿ ಓದುವ ಶಾಸ್ತ್ರವೇ ಎಪಿಡೆಮಿಯಾಲಜಿ. ಕಷ್ಟ ಎಲ್ಲಿದೆ ಎಂದರೆ, 20 ವರ್ಷದ ಚಿಕಿತ್ಸೆ ಎಂಬುದು ಒಂದು ತೀರ್ಮಾನ ಅಲ್ಲ. ಶುರು ಮಾಡಿದ್ದು, ಮುಂದುವರಿಸಿದ್ದು, ಪ್ರಮಾಣ ಹೆಚ್ಚಿಸಿದ್ದು, ಮೈಕೈ ನೋವೆಂದು ಬಿಟ್ಟದ್ದು, ಹೆದರಿ ಮತ್ತೆ ಶುರು ಮಾಡಿದ್ದು, ಹೀಗೆ ನೂರಾರು ತೀರ್ಮಾನಗಳ ಸರಪಳಿ ಅದು. ಪ್ರತಿಯೊಂದು ತೀರ್ಮಾನವೂ ಆ ಹೊತ್ತಿನ ದೇಹಸ್ಥಿತಿಯನ್ನು ನೋಡಿ ಆದದ್ದು. ಆ ದೇಹಸ್ಥಿತಿಯೋ, ಹಿಂದಿನ ತೀರ್ಮಾನಗಳಿಂದಲೇ ರೂಪುಗೊಂಡದ್ದು.

ಈ ಸಿಕ್ಕು ಎಷ್ಟು ದೊಡ್ಡದು ಎಂದು ನೋಡಲು ಸ್ಟ್ಯಾಟಿನ್‌ಗಿಂತ ಒಳ್ಳೆಯ ಉದಾಹರಣೆ ಏಡ್ಸ್ ಔಷಧಿಯ ಕಥೆ. ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

1987ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ಎಚ್‌ಐವಿಯ ಮೊದಲ ಔಷಧಿಗೆ ಪರವಾನಗಿ ಸಿಕ್ಕಿತು. ಅದು ಜಿಡೊವುಡಿನ್, ಎಝೆಡ್‌ಟಿ ಎಂದೇ ಹೆಚ್ಚು ಪರಿಚಿತ. ಅದಕ್ಕೆ ಆಧಾರವಾದ ಪ್ರಯೋಗದಲ್ಲಿ ಇದ್ದದ್ದು 282 ರೋಗಿಗಳು. ಹುಸಿ ಮಾತ್ರೆಯ ಗುಂಪಿನಲ್ಲಿ 19 ಜನ ಸತ್ತಿದ್ದಾಗ ಔಷಧಿಯ ಗುಂಪಿನಲ್ಲಿ ಸತ್ತವರು ಒಬ್ಬರೇ. ಅಷ್ಟು ವ್ಯತ್ಯಾಸ ಕಂಡ ಮೇಲೆ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಿದರು. ಇದು ಕೆಲವು ತಿಂಗಳ ಕಥೆ. ವರ್ಷಗಟ್ಟಲೆ ತೆಗೆದುಕೊಂಡರೆ ಏನು? ಅದಕ್ಕೆ ಇನ್ನೊಂದು ಕಡೆ ದಾಖಲೆ ಇತ್ತು. 1984ರಿಂದ ಬಾಲ್ಟಿಮೋರ್, ಷಿಕಾಗೊ, ಲಾಸ್ ಏಂಜಲೀಸ್, ಪಿಟ್ಸ್‌ಬರ್ಗ್ ನಗರಗಳಲ್ಲಿ ಸಲಿಂಗಕಾಮಿ ಗಂಡಸರ ಒಂದು ದೊಡ್ಡ ಗುಂಪನ್ನು ಆರು ತಿಂಗಳಿಗೊಮ್ಮೆ ಕರೆದು ರಕ್ತ ಪರೀಕ್ಷೆ ಮಾಡಿ, ಯಾವ ಔಷಧಿ ತೆಗೆದುಕೊಳ್ಳುತ್ತಿದ್ದಾರೆಂದು ಬರೆದಿಡುತ್ತಿದ್ದರು. ಆ ಗುಂಪಿನ 2,178 ಎಚ್‌ಐವಿ ಸೋಂಕಿತರ ದಾಖಲೆಯನ್ನು ಮಿಗೆಲ್ ಹೆರ್ನಾನ್, ಬಾಬೆಟ್ ಬ್ರಂಬ್ಯಾಕ್, ಜೇಮ್ಸ್ ರಾಬಿನ್ಸ್ ಎಂಬ ಸಂಶೋಧಕರು ಲೆಕ್ಕ ಹಾಕಿ 2000ದಲ್ಲಿ ಪ್ರಕಟಿಸಿದರು.

ಸುಮ್ಮನೆ ಎರಡು ಕಡೆಯವರನ್ನು ಹೋಲಿಸಿದಾಗ, ಎಝೆಡ್‌ಟಿ ತೆಗೆದುಕೊಂಡವರ ಸಾವಿನ ದರ ತೆಗೆದುಕೊಳ್ಳದವರ 3.6 ಪಟ್ಟು ಬಂತು! ಜೀವ ಉಳಿಸಬೇಕಾದ ಔಷಧಿ ಜೀವ ತೆಗೆಯುತ್ತಿದೆಯೆ?

ನಮ್ಮ ಮಲೆನಾಡಿನ ಬೆಳೆಗಾರರಿಗೆ ಇದರ ಗುಟ್ಟು ತಕ್ಷಣ ಹೊಳೆಯಬಹುದು. ಎಲೆ ಹಳದಿಯಾಗಿ ಸೊರಗಿದ ಅಡಿಕೆ ಮರಗಳಿಗೆ ಹುಡುಕಿ ಹುಡುಕಿ ಗೊಬ್ಬರ ಹಾಕಿ, ವರ್ಷದ ಕೊನೆಗೆ ಗೊಬ್ಬರ ಹಾಕಿದ ಮರಗಳಲ್ಲೇ ಫಸಲು ಕಡಿಮೆ, ಆದ್ದರಿಂದ ಗೊಬ್ಬರವೇ ಹಾಳು ಎಂದರೆ ಯಾರು ಒಪ್ಪುತ್ತಾರೆ? ಆ ದಿನಗಳಲ್ಲಿ ಎಝೆಡ್‌ಟಿಯನ್ನು ವೈದ್ಯರು ಬರೆಯುತ್ತಿದ್ದುದು ಮುಖ್ಯವಾಗಿ ಸಿಡಿ4 ಎಂಬ ರೋಗನಿರೋಧಕ ಕಣಗಳ ಸಂಖ್ಯೆ ಕುಸಿದವರಿಗೆ. ಸಿಡಿ4 ಕುಸಿದವರು ಔಷಧಿ ಇಲ್ಲದಿದ್ದರೂ ಬೇಗ ಸಾಯುವ ಸಾಧ್ಯತೆ ಇದ್ದವರು.

ಸರಿ, ಶುರುವಿನಲ್ಲಿ ಯಾರ ಸಿಡಿ4 ಎಷ್ಟಿತ್ತು ಎಂದು ನೋಡಿ, ಸಮಾನರನ್ನು ಸಮಾನರೊಂದಿಗೆ ಹೋಲಿಸಿದರೆ ಆಯಿತಲ್ಲ? ಹಾಗೆ ಮಾಡಿದರು. 3.6 ಇದ್ದದ್ದು 2.3ಕ್ಕೆ ಇಳಿಯಿತು. ಇನ್ನೂ ಔಷಧಿಯೇ ಅಪರಾಧಿ. ಯಾಕೆಂದರೆ ಶುರುವಿನಲ್ಲಿ ಸಮಾನರಾಗಿದ್ದವರಲ್ಲೂ ಆಮೇಲೆ ಯಾರ ಸಿಡಿ4 ಕುಸಿಯಿತೋ ಅವರೇ ಔಷಧಿಗೆ ಬಂದರು.

ಹಾಗಿದ್ದರೆ ಪ್ರತಿ ಆರು ತಿಂಗಳ ಸಿಡಿ4 ಅನ್ನೂ ಲೆಕ್ಕಕ್ಕೆ ತಂದು, ಆಯಾ ಹೊತ್ತಿನಲ್ಲಿ ಸಮಾನ ಸಿಡಿ4 ಇದ್ದವರನ್ನೇ ಹೋಲಿಸೋಣ ಎನ್ನುತ್ತೀರಿ. ಇಲ್ಲೇ ಹಳೆಯ ಸಂಖ್ಯಾಶಾಸ್ತ್ರ ಎಡವಿದ್ದು. ಔಷಧಿಯ ಕೆಲಸವೇ ಸಿಡಿ4 ಅನ್ನು ಎತ್ತಿ ಹಿಡಿಯುವುದು. ಔಷಧಿ ತಿಂದು 400ರಲ್ಲಿ ನಿಂತವನನ್ನು, ತಿನ್ನದೆಯೂ 400ರಲ್ಲೇ ಇರುವ ಗಟ್ಟಿ ಆಳಿನ ಜೊತೆ ಹೋಲಿಸಿದರೆ, ಔಷಧಿ ಮಾಡಿದ ಉಪಕಾರವನ್ನು ನಾವೇ ಕೈಯಾರೆ ಅಳಿಸಿದ ಹಾಗೆ. ಸಿಡಿ4 ಅನ್ನು ಲೆಕ್ಕಕ್ಕೆ ತರದಿದ್ದರೆ ಔಷಧಿಯ ಮೇಲೆ ಸುಳ್ಳು ಆಪಾದನೆ, ತಂದರೆ ಅದರ ಗುಣದ ಮೇಲೆ ಸುಳ್ಳು ಕತ್ತರಿ. ಅತ್ತ ದರಿ, ಇತ್ತ ಪುಲಿ. ಇದು ಅಂಕಿ ಅಂಶ ಕಡಿಮೆ ಇರುವುದರ ತೊಂದರೆಯಲ್ಲ. ಲಕ್ಷ ಜನರ ಬದಲು ಕೋಟಿ ಜನರ ದಾಖಲೆ ತಂದರೂ ಲೆಕ್ಕದ ದಾರಿ ತಪ್ಪಿದ್ದರೆ ಉತ್ತರ ತಪ್ಪೇ, ಇನ್ನಷ್ಟು ಆತ್ಮವಿಶ್ವಾಸದಿಂದ ತಪ್ಪು. ಲಕ್ಷಾಂತರ ಜನರ ಅಧ್ಯಯನ ಎಂಬ ಮಾತಿಗೆ ನಾನು ಅಷ್ಟಾಗಿ ಮರುಳಾಗದಿರುವುದು ಇದಕ್ಕೇ.

ಈ ಗಂಟಿಗೆ ದಾರಿ ತೋರಿಸಿದವರು ಜೇಮ್ಸ್ ರಾಬಿನ್ಸ್. ವೈದ್ಯಕೀಯ ಓದಿ, ಕಾರ್ಖಾನೆ ಕೆಲಸಗಾರರ ಕಾಯಿಲೆಗಳ ಕಡೆಯಿಂದ ಸಂಖ್ಯಾಶಾಸ್ತ್ರಕ್ಕೆ ಬಂದವರು. ಅಲ್ಲಿ ಅವರಿಗೆ ಕಂಡ ವಿಚಿತ್ರವೂ ಇದೇ ಜಾತಿಯದು: ವಿಷದ ದೂಳಿನಲ್ಲಿ ಹೆಚ್ಚು ವರ್ಷ ದುಡಿದವರೇ ಹೆಚ್ಚು ಆರೋಗ್ಯವಂತರಂತೆ ಕಾಣುತ್ತಿದ್ದರು, ಯಾಕೆಂದರೆ ಮೈ ಕೆಟ್ಟವರು ಆಗಲೇ ಕೆಲಸ ಬಿಟ್ಟಿರುತ್ತಿದ್ದರು. 1986ರಲ್ಲಿ ಅವರು ಬರೆದ ಉದ್ದನೆಯ ಪ್ರಬಂಧ ಎಷ್ಟು ಕಠಿಣವಾಗಿತ್ತೆಂದರೆ ಅದು ಬಳಕೆಗೆ ಬರಲು ವರ್ಷಗಳೇ ಹಿಡಿದವು. 2022ರಲ್ಲಿ ಈ ಕೆಲಸಕ್ಕೆ ರಾಬಿನ್ಸ್ ಮತ್ತು ಅವರ ಜೊತೆಗಾರರಿಗೆ ಸಂಖ್ಯಾಶಾಸ್ತ್ರದ ರೂಸ್ಸೋ ಪ್ರಶಸ್ತಿ ಬಂತು.

ಅವರು ಕೊಟ್ಟ ಹಲವು ವಿಧಾನಗಳಲ್ಲಿ ಒಂದನ್ನು ಪೆನ್ನು ಕಾಗದ ಹಿಡಿದೇ ತಿಳಿಯಬಹುದು. ಲೆಕ್ಕಕ್ಕೆಂದು ಸುಮ್ಮನೆ ಊಹಿಸಿಕೊಳ್ಳಿ: ಈ ಆರು ತಿಂಗಳಲ್ಲಿ ಸಿಡಿ4 ಕುಸಿದ 100 ಜನರಿದ್ದಾರೆ. 80 ಜನ ಔಷಧಿ ಶುರು ಮಾಡಿದರು, 20 ಜನ ಯಾವುದೋ ಕಾರಣಕ್ಕೆ ಮಾಡಲಿಲ್ಲ. ಆ 20 ಜನ ಅಪರೂಪದವರು, ಆದ್ದರಿಂದ ಒಬ್ಬೊಬ್ಬರನ್ನೂ ಐದು ಜನರೆಂದು ಎಣಿಸಿ. ಔಷಧಿಯ 80 ಜನರನ್ನು ತಲಾ ಒಂದೂಕಾಲು ಎಂದು ಎಣಿಸಿ. ಈಗ ಎರಡೂ ಕಡೆ ನೂರು ನೂರು. ಸಿಡಿ4 ಚೆನ್ನಾಗಿರುವ ಇನ್ನೊಂದು 100 ಜನರಲ್ಲಿ ಇದು ತಿರುಗುಮುರುಗು: 20 ಜನ ಮಾತ್ರ ಶುರು ಮಾಡಿದ್ದಾರೆ, ಅವರಿಗೆ ಐದರ ತೂಕ, ಉಳಿದ 80 ಜನರಿಗೆ ಒಂದೂಕಾಲು. ಎಲ್ಲರನ್ನೂ ಸೇರಿಸಿದರೆ ಸಿಗುವ ಕಾಲ್ಪನಿಕ ಜನಸ್ತೋಮದಲ್ಲಿ ಸಿಡಿ4 ಎಷ್ಟಿದ್ದರೂ ಔಷಧಿ ಸಿಗುವ ಸಾಧ್ಯತೆ ಒಂದೇ, ಚೀಟಿ ಎತ್ತಿದಾಗ ಆಗುವಂತೆ. ಇದನ್ನು ಪ್ರತಿ ಆರು ತಿಂಗಳಿಗೂ ಮಾಡಿ, ಪ್ರತಿ ವ್ಯಕ್ತಿಯ ತೂಕಗಳನ್ನು ಒಂದಕ್ಕೊಂದು ಗುಣಿಸುತ್ತಾ ಹೋಗಬೇಕು. ಗಮನಿಸಿ, ಇಲ್ಲಿ ಸಿಡಿ4 ಅನ್ನು ಯಾರಿಗೆ ಎಷ್ಟು ತೂಕ ಎಂದು ನಿರ್ಧರಿಸಲು ಮಾತ್ರ ಬಳಸಿದ್ದೇವೆ. ಸಾವು ಬದುಕಿನ ಹೋಲಿಕೆಯಲ್ಲಿ ಅದನ್ನು ಕಟ್ಟಿಹಾಕಿಲ್ಲ. ಹಾಗಾಗಿ ಔಷಧಿ ಸಿಡಿ4 ಮೂಲಕ ಮಾಡಿದ ಒಳ್ಳೆಯದು ಅಳಿಸಿಹೋಗುವುದಿಲ್ಲ.

ಹೀಗೆ ಎಣಿಸಿದಾಗ 2.3 ಇದ್ದದ್ದು 0.7 ಆಯಿತು. ಅಂದರೆ ಔಷಧಿ ತೆಗೆದುಕೊಂಡವರ ಸಾವಿನ ದರ ಸುಮಾರು ಮೂರರಲ್ಲೊಂದು ಭಾಗ ಕಡಿಮೆ. ಅದೇ ಜನ, ಅದೇ ರಕ್ತ ಪರೀಕ್ಷೆ, ಅದೇ ಸಾವುಗಳು. ಒಂದು ಲೆಕ್ಕದಲ್ಲಿ ಕೊಲೆಗಾರ, ಇನ್ನೊಂದರಲ್ಲಿ ರಕ್ಷಕ.

ಈ ತೂಕದ ಲೆಕ್ಕಕ್ಕೂ ಮಿತಿ ಇದೆ. 100 ಜನರಲ್ಲಿ ಔಷಧಿ ಬಿಟ್ಟವನು ಒಬ್ಬನೇ ಆದರೆ ಅವನನ್ನು ನೂರು ಎಂದು ಎಣಿಸಬೇಕು, ಆಗ ಅವನೊಬ್ಬನ ಹಣೆಬರಹವೇ ಇಡೀ ಅಧ್ಯಯನದ ಹಣೆಬರಹ. ಯಾರೂ ಬಿಟ್ಟಿಲ್ಲದಿದ್ದರೆ ಹೋಲಿಸಲು ಏನೂ ಇಲ್ಲ. ಎಲ್ಲಕ್ಕಿಂತ ದೊಡ್ಡ ಮಿತಿ: ವೈದ್ಯರು ಏನು ನೋಡಿ ಔಷಧಿ ಬರೆದರೋ ಅದು ದಾಖಲೆಯಲ್ಲಿ ಇರಬೇಕು. ರೋಗಿಯ ಮುಖ ಬಾಡಿದ್ದು ಕಂಡು ಬರೆದಿದ್ದರೆ, ಬಾಡಿದ ಮುಖ ಯಾವ ಕಡತದಲ್ಲಿ ಸಿಗುತ್ತದೆ? ಅಳತೆಗೆ ಸಿಗದ ಕಾರಣಗಳು ಇಲ್ಲ ಎಂಬುದನ್ನು ಅಂಕಿ ಅಂಶಗಳಿಂದ ಸಾಬೀತು ಮಾಡಲಾಗದು. ಆ ಕಾಯಿಲೆಯನ್ನೂ ಆ ಕಾಲದ ವೈದ್ಯರ ರೂಢಿಯನ್ನೂ ಬಲ್ಲವರು ವಾದಿಸಿ ಒಪ್ಪಿಸಬೇಕು.

ಚೀಟಿ ಎತ್ತಿದ ಪ್ರಯೋಗದಲ್ಲಾದರೆ ಈ ರಗಳೆ ಇಲ್ಲ ಎಂದುಕೊಂಡಿರಾ? ಚೀಟಿ ಎತ್ತುವುದು ಮೊದಲ ದಿನ ಮಾತ್ರ. ಎರಡನೇ ದಿನದಿಂದ ಮಾತ್ರೆ ನುಂಗುವುದು ಬಿಡುವುದು ಅವರವರ ಇಷ್ಟ. ಇದಕ್ಕೆ ನಿಮ್ಮ ತಂದೆಯವರ ಕೊಲೆಸ್ಟರಾಲ್‌ಗೇ ಸಂಬಂಧಪಟ್ಟ ಒಂದು ಹಳೆಯ ಪ್ರಸಂಗವಿದೆ. 1960ರ ದಶಕದಲ್ಲಿ ಅಮೆರಿಕದಲ್ಲಿ, ಒಮ್ಮೆ ಹೃದಯಾಘಾತ ಆಗಿದ್ದ ಗಂಡಸರಿಗೆ ಕ್ಲೋಫೈಬ್ರೇಟ್ ಎಂಬ ಕೊಲೆಸ್ಟರಾಲ್ ಔಷಧಿ ಕೊಟ್ಟು ನೋಡಿದರು. ಐದು ವರ್ಷದ ಕೊನೆಗೆ ಔಷಧಿ ಗುಂಪಿಗೂ ಹುಸಿ ಮಾತ್ರೆ ಗುಂಪಿಗೂ ಸಾವಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಔಷಧಿಯನ್ನು ನೆಟ್ಟಗೆ ತಿಂದವರನ್ನು ಮಾತ್ರ ನೋಡೋಣ ಎಂದರೆ ಫಲಿತಾಂಶ ಭರ್ಜರಿ: ಸರಿಯಾಗಿ ತಿಂದವರಲ್ಲಿ 15% ಸಾವು, ತಪ್ಪಿಸಿದವರಲ್ಲಿ ಸುಮಾರು 25%. ಯಾರಾದರೂ ಸಿಹಿ ಹಂಚುವ ಮೊದಲು ಹುಸಿ ಮಾತ್ರೆಯ ಗುಂಪನ್ನೂ ಹಾಗೇ ಸೀಳಿ ನೋಡಿದ್ದು ಒಳ್ಳೆಯದಾಯಿತು. ಅಲ್ಲಿ ಸರಿಯಾಗಿ ತಿಂದವರಲ್ಲಿ 15%, ತಪ್ಪಿಸಿದವರಲ್ಲಿ ಸುಮಾರು 28%! ಏನೂ ಇಲ್ಲದ ಮಾತ್ರೆಯನ್ನು ಶ್ರದ್ಧೆಯಿಂದ ನುಂಗಿದರೂ ಸಾವು ಅರ್ಧದಷ್ಟು ತಗ್ಗುತ್ತದೆ ಎಂದಂತಾಯಿತು. ನಿಜ ಸಂಗತಿ ಸರಳ. ದಿನವೂ ತಪ್ಪದೆ ಮಾತ್ರೆ ತಿನ್ನುವವರು ಬೇರೆ ವಿಷಯಗಳಲ್ಲೂ ಶಿಸ್ತಿನವರು, ಹಾಗೂ ತಿನ್ನುವಷ್ಟು ಆರೋಗ್ಯ ಇರುವವರು. 1980ರಲ್ಲಿ ಪ್ರಕಟವಾದ ಈ ಲೆಕ್ಕ ನೋಡಿ ಅನೇಕರು, ಮಾತ್ರೆಯನ್ನು ನಿಜವಾಗಿ ತಿಂದರೆ ಏನು ಎಂಬ ಪ್ರಶ್ನೆಯನ್ನೇ ಕೈಬಿಟ್ಟರು. 2016ರಲ್ಲಿ ಎಲೆನರ್ ಮರ್ರೆ ಮತ್ತು ಹೆರ್ನಾನ್ ಅದೇ ಹುಸಿ ಮಾತ್ರೆ ಗುಂಪಿನ ದಾಖಲೆಗೆ ಮೇಲೆ ಹೇಳಿದಂಥ ವಿಧಾನ ಹಚ್ಚಿ, ಕಾಲಕಾಲಕ್ಕೆ ಬದಲಾದ ಆರೋಗ್ಯಸ್ಥಿತಿಯನ್ನು ಲೆಕ್ಕಕ್ಕೆ ತಂದಾಗ ಆ ಸುಳ್ಳು ವ್ಯತ್ಯಾಸ ಬಹುಪಾಲು ಕರಗಿತು. ಹುಸಿ ಮಾತ್ರೆಗೆ ಪರಿಣಾಮ ಇಲ್ಲವೆಂದು ಗೊತ್ತೇ ಇರುವುದರಿಂದ, ವಿಧಾನಕ್ಕೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಬೇರೆ ಬೇಕಿಲ್ಲ.

ಈಗ ನಿಮಗೆ ಬಂದ ಮೊದಲ ಸುದ್ದಿಗೆ ಬರೋಣ, ಬಹಳ ವರ್ಷ ಸ್ಟ್ಯಾಟಿನ್ ತಿಂದವರಿಗೆ ಕ್ಯಾನ್ಸರ್ ಕಡಿಮೆ ಎಂಬುದಕ್ಕೆ. ಹಾಗೆ ಹೇಳುವ ಅಧ್ಯಯನಗಳು ನಿಜಕ್ಕೂ ಪ್ರಕಟವಾಗಿದ್ದವು. ಇಲ್ಲಿ ಎಡವಟ್ಟಾಗಿದ್ದು ಎಣಿಕೆ ಶುರು ಮಾಡುವ ದಿನದಲ್ಲಿ. ಐದು ವರ್ಷ ಮಾತ್ರೆ ತಿಂದವರು ಎಂಬ ಗುಂಪಿಗೆ ಸೇರಬೇಕಾದರೆ ಮನುಷ್ಯ ಮೊದಲು ಐದು ವರ್ಷ ಬದುಕಿರಬೇಕು, ಆ ಅವಧಿಯಲ್ಲಿ ಕ್ಯಾನ್ಸರ್ ಬಂದು ಲೆಕ್ಕದಿಂದ ಹೊರಬಿದ್ದಿರಬಾರದು. ಎರಡನೇ ವರ್ಷ ಕ್ಯಾನ್ಸರ್ ಬಂದವನು ಆಗ ಅಲ್ಪಕಾಲ ತಿಂದವನ ಖಾತೆಗೆ ಹೋಗುತ್ತಾನೆ. ದೀರ್ಘಕಾಲದವರ ಖಾತೆಗೆ ಆ ಐದು ವರ್ಷದ ಆರೋಗ್ಯ ಪುಕ್ಕಟೆ ಜಮೆ. ಇದು ಹೊಸ ತಪ್ಪೇನಲ್ಲ. ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞ ವಿಲಿಯಂ ಫಾರ್ 1843ರಷ್ಟು ಹಿಂದೆಯೇ ಇದನ್ನು ತಮಾಷೆ ಮಾಡಿದ್ದ: ಸತ್ತ ವಯಸ್ಸು ನೋಡಿದರೆ ಸೇನೆಯ ಕಿರಿಯ ಅಧಿಕಾರಿಗಳಿಗಿಂತ ಜನರಲ್‌ಗಳು ಎಷ್ಟೋ ದೀರ್ಘಾಯುಷಿಗಳು, ಹಾಗೆಂದು ಕಿರಿಯರಿಗೆಲ್ಲ ಬಡ್ತಿ ಕೊಟ್ಟರೆ ಅವರ ಆಯಸ್ಸು ಬೆಳೆಯುತ್ತದೆಯೇ? ಜನರಲ್ ಆಗಲು ಮೊದಲು ಅಷ್ಟು ವಯಸ್ಸು ಬದುಕಬೇಕು, ಅಷ್ಟೆ.

2019ರಲ್ಲಿ ಬಾರ್ಬ್ರಾ ಡಿಕರ್‌ಮನ್, ಹೆರ್ನಾನ್ ಮತ್ತು ಸಂಗಡಿಗರು ಬ್ರಿಟನ್ನಿನ 7 ಲಕ್ಷಕ್ಕೂ ಹೆಚ್ಚು ಜನರ ವೈದ್ಯಕೀಯ ದಾಖಲೆ ತೆಗೆದುಕೊಂಡು ಎಣಿಕೆಯನ್ನು ಸರಿಯಾದ ದಿನದಿಂದ ಶುರು ಮಾಡಿದರು. ಮಾತ್ರೆ ಶುರು ಮಾಡಬಹುದಾಗಿದ್ದ ದಿನ, ಯಾರು ಶುರು ಮಾಡಿದರು, ಯಾರು ಮಾಡಲಿಲ್ಲ, ಅಲ್ಲಿಂದ ಮುಂದೆ ಏನಾಯಿತು. ಸ್ಟ್ಯಾಟಿನ್‌ನಿಂದ ಕ್ಯಾನ್ಸರ್ ಹೆಚ್ಚಲೂ ಇಲ್ಲ, ತಗ್ಗಲೂ ಇಲ್ಲ. ಪ್ರಯೋಗಗಳು ಹೇಳುತ್ತಿದ್ದುದೂ ಅದನ್ನೇ. ಅದೇ ದಾಖಲೆಯನ್ನು ಹಳೆಯ ತಪ್ಪು ಕ್ರಮದಲ್ಲಿ ಎಣಿಸಿದಾಗ ಮಾತ್ರ ರಕ್ಷಣೆ ಮತ್ತೆ ಪ್ರತ್ಯಕ್ಷವಾಯಿತು.

ಶುರುವಿನ ದಿನ ತಪ್ಪಿದರೆ ಎಷ್ಟು ದೊಡ್ಡ ಬೆಲೆ ತೆರಬೇಕಾಗುತ್ತದೆ ಎಂಬುದಕ್ಕೆ ಮುಟ್ಟು ನಿಂತ ಹೆಂಗಸರ ಹಾರ್ಮೋನ್ ಮಾತ್ರೆಯೇ ಸಾಕ್ಷಿ. ಅಮೆರಿಕದಲ್ಲಿ 1976ರಲ್ಲಿ ಶುರುವಾದ ನರ್ಸ್‌ಗಳ ಅಧ್ಯಯನದಲ್ಲಿ 1,21,700 ನರ್ಸ್‌ಗಳು ಎರಡು ವರ್ಷಕ್ಕೊಮ್ಮೆ ಪ್ರಶ್ನಾವಳಿ ತುಂಬಿ ಅಂಚೆಗೆ ಹಾಕುತ್ತಿದ್ದರು. ಹಾರ್ಮೋನ್ ತೆಗೆದುಕೊಳ್ಳುತ್ತಿದ್ದವರಲ್ಲಿ ಹೃದ್ರೋಗ ಸುಮಾರು 40% ಕಡಿಮೆ ಎಂದು ಅದು ಹೇಳಿತು. ಹೃದಯಕ್ಕೆ ಒಳ್ಳೆಯದೆಂದು ನಂಬಿ ಲಕ್ಷಾಂತರ ಹೆಂಗಸರು ಅದನ್ನು ನುಂಗಿದರು. ಆಮೇಲೆ 16,608 ಹೆಂಗಸರನ್ನು ಚೀಟಿ ಎತ್ತಿ ಹಂಚಿದ ಸರ್ಕಾರಿ ಪ್ರಯೋಗವನ್ನು 2002ರ ಜುಲೈನಲ್ಲಿ ಗಡುವಿಗೆ ಮೊದಲೇ ನಿಲ್ಲಿಸಬೇಕಾಯಿತು. ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ ಕೂಡಿದ ಮಾತ್ರೆಯವರಲ್ಲಿ ಹೃದ್ರೋಗ 29%, ಸ್ತನ ಕ್ಯಾನ್ಸರ್ 26%, ಪಾರ್ಶ್ವವಾಯು 41% ಹೆಚ್ಚಾಗಿತ್ತು. ಶೇಕಡಾ ಲೆಕ್ಕ ಕೇಳಿ ಹೌಹಾರುವ ಮೊದಲು ತಲೆ ಲೆಕ್ಕವನ್ನೂ ನೋಡಿ: 10,000 ಹೆಂಗಸರು ಒಂದು ವರ್ಷ ತೆಗೆದುಕೊಂಡರೆ ಹೆಚ್ಚುವರಿಯಾಗಿ ಹೃದ್ರೋಗದ 7, ಸ್ತನ ಕ್ಯಾನ್ಸರಿನ 8 ಪ್ರಕರಣ, ಜೊತೆಗೆ ಸೊಂಟದ ಮೂಳೆ ಮುರಿತ 5 ಕಡಿಮೆ.

ನರ್ಸ್‌ಗಳ ಅಧ್ಯಯನ ಹಾಗಾದರೆ ಕಸದ ಬುಟ್ಟಿಗೆ ಎಂದು ಅನೇಕರು ತೀರ್ಪು ಕೊಟ್ಟುಬಿಟ್ಟರು. ಹೆರ್ನಾನ್ ತಂಡ 2008ರಲ್ಲಿ ಅದೇ ನರ್ಸ್‌ಗಳ ದಾಖಲೆಯನ್ನು ಮತ್ತೆ ಬಿಚ್ಚಿತು. ಹಳೆಯ ಲೆಕ್ಕ ಹೋಲಿಸಿದ್ದು ಈಗಾಗಲೇ ತೆಗೆದುಕೊಳ್ಳುತ್ತಿರುವವರನ್ನು, ಅಂದರೆ ಶುರು ಮಾಡಿದ ಹೊಸದರಲ್ಲಿ ಹೃದಯಾಘಾತ ಆಗದೆ ಪಾರಾಗಿ ಉಳಿದವರನ್ನು. ಹೊಸ ಲೆಕ್ಕದಲ್ಲಿ ಪ್ರತಿ ಎರಡು ವರ್ಷಕ್ಕೊಂದು ಕಾಲ್ಪನಿಕ ಪ್ರಯೋಗ ಶುರುವಾದಂತೆ ಭಾವಿಸಿ, ಆಗಷ್ಟೇ ಹಾರ್ಮೋನ್ ಹಿಡಿದವರನ್ನು ಹಿಡಿಯದವರೊಂದಿಗೆ ಹೋಲಿಸಿದರು. ಮೊದಲ ಎರಡು ವರ್ಷದಲ್ಲಿ ಹೃದ್ರೋಗದ ಅಪಾಯ 1.42 ಪಟ್ಟು, ಇಡೀ ಅವಧಿಗೆ 0.96 ಎಂದು ಬಂತು. ಅಂಕಿಗಳಲ್ಲಿ ಅನಿಶ್ಚಿತತೆ ಇತ್ತು, ಆದರೆ 40% ರಕ್ಷಣೆ ಎಲ್ಲಿಯೂ ಇರಲಿಲ್ಲ. ಪ್ರಯೋಗದಲ್ಲೂ ಅಪಾಯ ಹೆಚ್ಚು ಕಂಡಿದ್ದು ಮೊದಲ ವರ್ಷದಲ್ಲೇ. ಪ್ರಯೋಗಕ್ಕೂ ನರ್ಸ್‌ಗಳಿಗೂ ಉಳಿದ ಅಂತರಕ್ಕೆ ಬಹುಪಾಲು ಕಾರಣ, ಮುಟ್ಟು ನಿಂತು ಎಷ್ಟು ವರ್ಷವಾಗಿತ್ತು ಮತ್ತು ಎಷ್ಟು ಕಾಲ ಗಮನಿಸಿದರು ಎಂಬುದು ಎಂದು ಅವರು ತೋರಿಸಿದರು. ಪ್ರಯೋಗದಲ್ಲಿದ್ದ ಹೆಂಗಸರ ಸರಾಸರಿ ವಯಸ್ಸು 63, ನರ್ಸ್‌ಗಳು ಹಾರ್ಮೋನ್ ಹಿಡಿದದ್ದು ಸಾಮಾನ್ಯವಾಗಿ ಮುಟ್ಟು ನಿಂತ ಆಸುಪಾಸಿನಲ್ಲಿ. ದಾಖಲೆಗಳು ಸುಳ್ಳು ಹೇಳಿರಲಿಲ್ಲ. ಅವುಗಳಿಗೆ ಪ್ರಶ್ನೆ ಹಾಕಿದ ರೀತಿ ತಪ್ಪಿತ್ತು.

ಇವತ್ತು ಈ ಕ್ಷೇತ್ರದಲ್ಲಿ ಒಳ್ಳೆಯ ಕೆಲಸ ಮಾಡುವವರು ಕಂಪ್ಯೂಟರ್ ಮುಟ್ಟುವ ಮೊದಲು ಒಂದು ಹಾಳೆ ಬರೆಯುತ್ತಾರೆ. ದುಡ್ಡು ಮತ್ತು ಕಾಲದ ಮಿತಿ ಇರದಿದ್ದರೆ ನಾವು ಯಾವ ಪ್ರಯೋಗ ಮಾಡುತ್ತಿದ್ದೆವು? ಯಾರನ್ನು ಸೇರಿಸಿಕೊಳ್ಳುತ್ತಿದ್ದೆವು, ಯಾವ ದಿನದಿಂದ, ಯಾವ ಕ್ರಮದ ಚಿಕಿತ್ಸೆಗೆ ಯಾವ ಕ್ರಮವನ್ನು ಎದುರಿಡುತ್ತಿದ್ದೆವು? ಆಮೇಲೆ ದಾಖಲೆಯಲ್ಲಿ ಅದನ್ನೇ ಅನುಕರಿಸುತ್ತಾರೆ. ಇದು ಪವಾಡವಲ್ಲ, ದೊಡ್ಡ ತಪ್ಪುಗಳನ್ನು ಬಾಗಿಲಲ್ಲೇ ತಡೆಯುವ ಶಿಸ್ತು. ನನ್ನ ಮಟ್ಟಿಗೆ ರಾಬಿನ್ಸ್‌ರ ಗಣಿತಕ್ಕಿಂತ ಈ ಒಂದು ಹಾಳೆಯೇ ಹೆಚ್ಚು ಜೀವ ಉಳಿಸುತ್ತದೆ, ಯಾಕೆಂದರೆ ಗಣಿತ ಬಾರದವರೂ ಅದನ್ನು ಬರೆಯಬಲ್ಲರು.

ಇದರ ಫಲ ನಮ್ಮ ಊರುಗಳಿಗೂ ತಲುಪಿದೆ. ಭಾರತದಲ್ಲಿ ಎಚ್‌ಐವಿಗೆ ಸರ್ಕಾರದ ಉಚಿತ ಎಆರ್‌ಟಿ (ಆಂಟಿ-ರೆಟ್ರೊವೈರಲ್) ಚಿಕಿತ್ಸೆ 2004ರ ಏಪ್ರಿಲ್‌ನಲ್ಲಿ ಶುರುವಾದಾಗ ಸಿಡಿ4 ಒಂದು ಮಿತಿಗಿಂತ ಕೆಳಗಿಳಿಯುವವರೆಗೆ ಸಾಮಾನ್ಯವಾಗಿ ಕಾಯಿಸುತ್ತಿದ್ದರು. ಯಾವಾಗ ಶುರು ಮಾಡಬೇಕು ಎಂಬುದು ಜಗತ್ತಿನಾದ್ಯಂತ ಜಗಳದ ವಿಷಯವಾಗಿತ್ತು. ಯುರೋಪ್ ಮತ್ತು ಅಮೆರಿಕದ ರೋಗಿಗಳ ದಾಖಲೆಗಳನ್ನು ಈ ಹೊಸ ವಿಧಾನಗಳಿಂದ ಲೆಕ್ಕ ಹಾಕಿದವರು 2011ರಲ್ಲೇ, ಸಿಡಿ4 350ಕ್ಕೆ ಇಳಿಯುವವರೆಗೆ ಕಾಯುವುದಕ್ಕಿಂತ 500ರಲ್ಲೇ ಶುರು ಮಾಡಿದರೆ ಏಡ್ಸ್ ಅಥವಾ ಸಾವು ಕಡಿಮೆ ಎಂದು ತೋರಿಸಿದ್ದರು. 2015ರಲ್ಲಿ 4,685 ಜನರ ಅಂತರರಾಷ್ಟ್ರೀಯ ಪ್ರಯೋಗ ತಕ್ಷಣ ಶುರು ಮಾಡುವುದೇ ಮೇಲು ಎಂದು ಖಚಿತಪಡಿಸಿತು. 2017ರಿಂದ ನಮ್ಮಲ್ಲೂ ಸಿಡಿ4 ಎಷ್ಟೇ ಇರಲಿ, ಸೋಂಕು ಗೊತ್ತಾದ ಎಲ್ಲರಿಗೂ ಚಿಕಿತ್ಸೆ. ಜಿಲ್ಲಾ ಆಸ್ಪತ್ರೆಯ ಎಆರ್‌ಟಿ ಕೇಂದ್ರಕ್ಕೆ ಇಂದು ಹೋಗುವವರಿಗೆ, ಇನ್ನಷ್ಟು ಕೃಶವಾಗಿ ಬಾ ಎಂದು ಯಾರೂ ಹೇಳುವುದಿಲ್ಲ.

ನಿಮಗೆ ಬಂದ ಎರಡನೇ ಸುದ್ದಿ, ಅಪಾಯದ್ದು, ಪೂರ್ತಿ ಸುಳ್ಳಲ್ಲ. ಸ್ಟ್ಯಾಟಿನ್ ಸಕ್ಕರೆ ಕಾಯಿಲೆಯ ಸಾಧ್ಯತೆಯನ್ನು ತುಸು ಹೆಚ್ಚಿಸುತ್ತದೆ. 13 ಪ್ರಯೋಗಗಳ 91,140 ಜನರನ್ನು ಒಟ್ಟುಗೂಡಿಸಿದ 2010ರ ಲೆಕ್ಕದಂತೆ, 255 ಜನರಿಗೆ 4 ವರ್ಷ ಮಾತ್ರೆ ಕೊಟ್ಟರೆ ಒಬ್ಬರಿಗೆ ಹೆಚ್ಚುವರಿಯಾಗಿ ಸಕ್ಕರೆ ಕಾಯಿಲೆ ಬರುತ್ತದೆ. ಹೃದಯಾಘಾತದ ಅಪಾಯ ಹೆಚ್ಚಿರುವವರಿಗೆ ಆಗುವ ಲಾಭದ ಮುಂದೆ ಇದು ಸಣ್ಣದು. ತೀರ ಕಡಿಮೆ ಅಪಾಯದವರು ವೈದ್ಯರ ಜೊತೆ ಕೂತು ತೂಗಿ ನೋಡಬಹುದಾದದ್ದು. ನಿಮ್ಮ ತಂದೆಯವರಿಗೆ ಮಾತ್ರೆ ಯಾಕೆ ಶುರುವಾಯಿತು, ಆಗ ಅವರ ಬಿಪಿ, ಸಕ್ಕರೆ, ಧೂಮಪಾನ ಹೇಗಿತ್ತು, ಈಗ ಹೇಗಿದೆ ಎಂಬ ಹಳೆಯ ಚೀಟಿಗಳನ್ನೆಲ್ಲ ಹುಡುಕಿ ಒಂದು ಕಡತ ಮಾಡಿ, ಮುಂದಿನ ಭೇಟಿಯಲ್ಲಿ ವೈದ್ಯರ ಮುಂದಿಡಿ. ವರ್ಷಕ್ಕೊಮ್ಮೆ ಸಕ್ಕರೆ ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ, ದಯವಿಟ್ಟು, ವಾಟ್ಸಾಪ್ ನೋಡಿ ಮಾತ್ರೆ ನಿಲ್ಲಿಸಬೇಡಿ.